ಬಾಗಿದ ಬೆನ್ನೂ ಒಳಗಿನ ಹುರಿಯೂ

ನಮ್ಮ ಬಂಧುವರ್ಗದ ಒಂದು ಮನೆಯಲ್ಲಿ, ಗೌರಿಹಬ್ಬಕ್ಕೆ ಇನ್ನೂ ಹದಿನೈದು ದಿನವಿದೆಯೆನ್ನುವಾಗ, ಒಂಬತ್ತು ವರ್ಷದ ಹುಡುಗಿಗೆ ರೇಷ್ಮೆಯ ಲಂಗ ರವಿಕೆ ಹೊಲಿಸಲೆಂದು ಬೀದಿಯ ಕೊನೆಯ ದರ್ಜಿಯ ಅಂಗಡಿಗೆ ಕರೆದುಕೊಂಡು ಹೋಗಿದ್ದರು. ಮೂವತ್ತು ವರ್ಷ ಅಳತೆಯ ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಬಾಳಿದ ಆ ಮನುಷ್ಯನು ಭುಜದ ಅಳತೆಯನ್ನು ಒಮ್ಮೆ ತೆಗೆದು, ಸಮಾಧಾನವಾಗದೆ ಮತ್ತೊಮ್ಮೆ ತೆಗೆದು, ಮಗುವನ್ನು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ ಮೂರನೆಯ ಸಲವೂ ತೆಗೆದು, “ಅಮ್ಮಾ, ಪಾಪುಗೆ ಎಡಗಡೆ ಭುಜ ಒಂದು ಬೆರಳು ಮೇಲಕ್ಕಿದೆ. ಹೋದ ವರ್ಷದ ಅಳತೆ ಪುಸ್ತಕದಲ್ಲಿ ಹೀಗಿಲ್ಲ. ಡಾಕ್ಟರಿಗೆ ಒಂದ್ಸಲ ತೋರಿಸಿಬಿಡಿ” ಎಂದನಂತೆ. ಹೆತ್ತ ತಾಯಿಯ ಕಣ್ಣಿಗೂ ದಿನವೂ ತಲೆ ಬಾಚುವ ಅಜ್ಜಿಯ ಕಣ್ಣಿಗೂ ಬೀಳದಿದ್ದುದು ಒಬ್ಬ ದರ್ಜಿಯ ಟೇಪಿಗೆ ಸಿಕ್ಕಿತು. ಮೊದಲು ಕಂಡ ವೈದ್ಯರು ಶಾಲೆಯ ಚೀಲದ ಭಾರವೇ ಇದಕ್ಕೆ ಕಾರಣವೆಂದು ಹೇಳಿ, ನೆಟ್ಟಗೆ ಕುಳಿತು ಓದುವ ಅಭ್ಯಾಸ ಮಾಡಿಸಿರೆಂದು ಕಳುಹಿಸಿಕೊಟ್ಟರು. ಎಂಟು ತಿಂಗಳು ಹಾಗೆಯೇ ಕಳೆದುಹೋದವು.

ಆ ಎಂಟು ತಿಂಗಳುಗಳಲ್ಲಿ ಮನೆಯವರು ಕಂಡೂ ಕಾಣದೆ ಹೋದ ಸಂಗತಿಗಳು ಹಲವು. ಹುಡುಗಿ ಬಿಸಿ ಹಾಲಿನ ಸ್ಟೀಲು ಲೋಟವನ್ನು ಎಡಗೈಯಲ್ಲಿ ನಿರಾತಂಕವಾಗಿ ಹಿಡಿದುಕೊಂಡಿರುತ್ತಿದ್ದಳು. ಅದೇ ಲೋಟವನ್ನು ಅವಳ ಅಣ್ಣ ಕರವಸ್ತ್ರ ಸುತ್ತದೆ ಮುಟ್ಟಲಾರದೆ ಹೋದಾಗ ಎಲ್ಲರೂ ಅವಳ ಧೈರ್ಯವನ್ನು ಹೊಗಳಿದರು. ಎಡಗೈಯ ಕಿರುಬೆರಳಿನ ಪಕ್ಕದಲ್ಲಿ ಒಂದು ಬೊಬ್ಬೆ ಎದ್ದು ಒಡೆದು ಮಾಗಿತ್ತು. ಅದು ಯಾವಾಗ ಸುಟ್ಟಿತೆಂದು ಕೇಳಿದರೆ ಮಗುವಿಗೇ ತಿಳಿಯದು. ಜೋರಾಗಿ ನಕ್ಕಾಗ, ಕೆಮ್ಮಿದಾಗ ತಲೆಯ ಹಿಂಭಾಗವನ್ನು ಹಿಡಿದುಕೊಂಡು ಒಂದು ಕ್ಷಣ ಸುಮ್ಮನಾಗುತ್ತಿದ್ದಳು. ಇವು ಒಂದೊಂದೂ ಒಂದೊಂದು ದಿನದ ಸಣ್ಣ ವಿಷಯ. ಬೆನ್ನಿನ ಬಾಗಿಗೂ ಲೋಟದ ಬಿಸಿಗೂ ನಗುವಿನ ತಲೆನೋವಿಗೂ ಒಂದೇ ಸೂತ್ರವಿರಬಹುದೆಂದು ಯಾರಿಗೆ ತಾನೇ ತೋರೀತು? ಆ ಸೂತ್ರ ಯಾವುದೆಂಬುದನ್ನು ಸಾವಕಾಶವಾಗಿ ವಿವರಿಸುವುದೇ ಈ ಬರಹದ ಉದ್ದೇಶ. ಏಕೆಂದರೆ ಇದನ್ನು ಅರಿತ ಒಬ್ಬ ತಾಯಿ, ಒಬ್ಬ ಶಿಕ್ಷಕಿ, ಒಬ್ಬ ದರ್ಜಿ ಕೂಡ ಒಂದು ಮಗುವಿನ ನಡಿಗೆಯನ್ನು ಉಳಿಸಬಲ್ಲರು.

ಬಾಗಿದ ಬೆನ್ನಿಗೆ ನಮ್ಮ ಜನ ಕೊಟ್ಟ ಹೆಸರು ಗೂನು. ಮಥುರೆಯ ಬೀದಿಯಲ್ಲಿ ಗಂಧದ ಬಟ್ಟಲನ್ನು ಹಿಡಿದು ಬರುತ್ತಿದ್ದ ಕುಬ್ಜೆಯು ಮೂರು ಕಡೆ ವಕ್ರಳಾಗಿದ್ದಳೆಂದೂ, ಶ್ರೀಕೃಷ್ಣನು ಅವಳ ಪಾದಗಳನ್ನು ತನ್ನ ಪಾದಗಳಿಂದ ಒತ್ತಿಹಿಡಿದು, ಗಲ್ಲಕ್ಕೆ ಎರಡು ಬೆರಳು ಕೊಟ್ಟು ಮೇಲೆತ್ತಿ ನೆಟ್ಟಗೆ ಮಾಡಿದನೆಂದೂ ಭಾಗವತವು ವರ್ಣಿಸುತ್ತದೆ. ಎಂಟು ಕಡೆ ಡೊಂಕಾದ ಅಷ್ಟಾವಕ್ರನನ್ನು ಕಂಡು ಜನಕನ ಸಭೆಯೇ ನಕ್ಕ ಕಥೆಯೂ ನಮಗೆ ಗೊತ್ತು. ಶಾಪವೋ ಕರ್ಮವೋ ಕಾರಣವಾಗಿ ಬಂದ ವಕ್ರತೆ, ಅನುಗ್ರಹದಿಂದ ಕಳೆದ ವಕ್ರತೆ, ಜ್ಞಾನದಿಂದ ಮೀರಿದ ವಕ್ರತೆ: ಇಷ್ಟು ಬಗೆಯ ಕಥೆಗಳು ನಮ್ಮಲ್ಲಿವೆ. ಆದರೆ ವೈದ್ಯವಿಜ್ಞಾನವು ಕೇಳುವ ಪ್ರಶ್ನೆ ಬೇರೆ. ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟಂತೆ ನೆಟ್ಟಗೆ ಏರಬೇಕಾದ ಈ ಕಶೇರುಕಗಳ ಸಾಲು ಪಕ್ಕಕ್ಕೆ ವಾಲಿತೇಕೆ? ತಪ್ಪು ಇಟ್ಟಿಗೆಯದೋ, ಇಟ್ಟಿಗೆಗಳನ್ನು ಎರಡು ಕಡೆಯಿಂದಲೂ ಸಮನಾಗಿ ಎಳೆದು ನಿಲ್ಲಿಸುವ ಸ್ನಾಯುಗಳದೋ, ಆ ಸ್ನಾಯುಗಳಿಗೆ ಅಪ್ಪಣೆ ಕೊಡುವ ನರಗಳದೋ?

ಸ್ಕೋಲಿಯೋಸಿಸ್ ಎಂಬುದು ಬರಿಯ ಪಕ್ಕದ ವಾಲಿಕೆಯಲ್ಲ. ಕಶೇರುಕಗಳು ವಾಲುವುದರ ಜೊತೆಗೆ ತಮ್ಮ ಅಕ್ಷದಲ್ಲಿ ತಿರುಚಿಕೊಳ್ಳುತ್ತವೆ, ತಿರುಚಿದಾಗ ಪಕ್ಕೆಲುಬುಗಳೂ ಜೊತೆಯಲ್ಲಿ ತಿರುಗಿ ಬೆನ್ನಿನ ಒಂದು ಪಾರ್ಶ್ವ ಉಬ್ಬಿ ಇನ್ನೊಂದು ತಗ್ಗುತ್ತದೆ. ಎಕ್ಸ್‌ರೇ ಚಿತ್ರದ ಮೇಲೆ ಬಾಗಿನ ಮೇಲ್ತುದಿಯ ಮತ್ತು ಕೆಳತುದಿಯ ಕಶೇರುಕಗಳಿಗೆ ಗೆರೆಯೆಳೆದು ಅವುಗಳ ನಡುವಣ ಕೋನವನ್ನು ಅಳೆಯುವ ಪದ್ಧತಿಯನ್ನು ಅಮೆರಿಕದ ಜಾನ್ ಕಾಬ್ ಎಂಬ ವೈದ್ಯರು 1948ರಲ್ಲಿ ರೂಢಿಗೆ ತಂದರು. ಆ ಕೋನ 10 ಡಿಗ್ರಿ ಮುಟ್ಟಿದರೆ ಸ್ಕೋಲಿಯೋಸಿಸ್ ಎಂದು ಕರೆಯುವುದು ವಾಡಿಕೆ. ಹರೆಯದ ಹೊಸ್ತಿಲಲ್ಲಿರುವ ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಇಷ್ಟರ ಮಟ್ಟಿನ ಬಾಗು ಇರುತ್ತದೆ. ಅವರಲ್ಲಿ ಬಹುಪಾಲಿನವರಿಗೆ ಕಾರಣ ಇದೇ ಎಂದು ತೋರಿಸಿ ಹೇಳಲಾಗದು, ಬಾಗು ಹೆಚ್ಚು ಬೆಳೆಯುವುದೂ ಇಲ್ಲ, ಚಿಕಿತ್ಸೆಯೂ ಬೇಕಾಗುವುದಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ನನ್ನ ಕರ್ತವ್ಯ. ಬೆನ್ನಿನಲ್ಲಿ ಒಂದಿಷ್ಟು ಓರೆ ಕಂಡ ಮಾತ್ರಕ್ಕೆ ಹೆತ್ತವರು ನಿದ್ದೆಗೆಡುವುದು ಬೇಡ. ಶಾಲೆಯ ಚೀಲದ ಭಾರ ಕಡಮೆಯಾಗಬೇಕಾದುದು ಬೇರೆ ಕಾರಣಗಳಿಂದ ನ್ಯಾಯವೇ ಸರಿ, ಅದರಿಂದ ಬೆನ್ನು ನೋಯುವುದೂ ನಿಜ. ಆದರೆ ಚೀಲವು ಬೆನ್ನುಮೂಳೆಯನ್ನು ತಿರುಚಿ ಬಾಗಿಸುವುದಿಲ್ಲ. ಕೂತ ಭಂಗಿಯನ್ನು ದೂರಿ ಮಗುವನ್ನು ಗದರಿಸುವುದರಿಂದ ಕಾಲ ಕಳೆಯುವುದೇ ಹೊರತು ಮತ್ತೇನೂ ಆಗದು.

ಈ ಬಹುಪಾಲಿನ ಮಕ್ಕಳ ಬಾಗಿಗೆ ಒಂದು ಪರಿಚಿತವಾದ ರೂಪವಿದೆ. ಹತ್ತು ವರ್ಷ ದಾಟಿದ ಹುಡುಗಿ. ಎದೆಯ ಮಟ್ಟದ ಬಾಗು ಬಲಗಡೆಗೆ ಉಬ್ಬಿರುತ್ತದೆ. ನೋವು ಅಷ್ಟಾಗಿ ಇಲ್ಲ. ಓಟ ಆಟ ಪಾಠಗಳಲ್ಲಿ ಯಾವ ಕುಂದೂ ಇಲ್ಲ. ಈ ಪರಿಚಿತ ಮುಖ ಬದಲಾದಾಗಲೆಲ್ಲ ಅನುಭವಿಯಾದ ವೈದ್ಯರು ಕಿವಿ ನಿಮಿರಿಸುತ್ತಾರೆ. ಬಾಗು ಎಡಗಡೆಗಿದೆ, ರೋಗಿ ಹುಡುಗ, ವಯಸ್ಸು ಹತ್ತು ತುಂಬಿಲ್ಲ, ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಬಾಗಿನ ನಡುಭಾಗ ಚಪ್ಪಟೆಯಾಗಿರುವುದರ ಬದಲು ಹಿಂದಕ್ಕೆ ಗುಮ್ಮಟದಂತೆ ಉಬ್ಬಿದೆ, ತಿಂಗಳಿಗೆ ಒಂದು ಡಿಗ್ರಿಗಿಂತ ವೇಗವಾಗಿ ಕೋನ ಏರುತ್ತಿದೆ. ಇವುಗಳಲ್ಲಿ ಯಾವುದೊಂದೂ ತಾನಾಗಿ ರೋಗನಿರ್ಣಯವಲ್ಲ. ಆದರೆ ಹತ್ತರೊಳಗಿನ ವಯಸ್ಸಿನಲ್ಲಿ 20 ಡಿಗ್ರಿ ಮೀರಿದ ಬಾಗು ಕಂಡ ಮಕ್ಕಳನ್ನು, ಹೊರನೋಟಕ್ಕೆ ನರದೋಷವೇನೂ ಕಾಣದಿದ್ದರೂ, ಎಂ.ಆರ್.ಐ. ಯಂತ್ರದಲ್ಲಿ ಪರೀಕ್ಷಿಸಿದಾಗ ಸುಮಾರು ಐವರಲ್ಲಿ ಒಬ್ಬರಿಗೆ ಮೆದುಳಿನ ಬುಡದಲ್ಲಿಯೋ ಬೆನ್ನುಹುರಿಯಲ್ಲಿಯೋ ಒಂದು ದೋಷ ಅಡಗಿರುವುದು ಕಂಡುಬಂದಿದೆ. ಆ ಮಕ್ಕಳ ಮಟ್ಟಿಗೆ ಬಾಗಿದ ಬೆನ್ನು ಒಳಗಿನ ನರದ ದೂರೇ ಆಗಿರುತ್ತದೆ. ಮೂಳೆಯ ಭಾಷೆಯಲ್ಲಿ ಬರೆದ ದೂರಾದುದರಿಂದ ಅದನ್ನು ಓದಲು ನಮಗೆ ತಡವಾಗುತ್ತದೆ.

ಬೆನ್ನುಹುರಿಯನ್ನು ಒಮ್ಮೆ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳೋಣ. ಕಿರುಬೆರಳಿನಷ್ಟು ದಪ್ಪನಾದ, ಬೆಳ್ಳಗಿನ, ಮೃದುವಾದ ಆ ಹುರಿ ಕಶೇರುಕಗಳ ನಡುವಿನ ಕೊಳವೆಯಲ್ಲಿ ನೀರಿನಂಥ ದ್ರವದಲ್ಲಿ ತೇಲುತ್ತ ಇಳಿಯುತ್ತದೆ. ಇಕ್ಕೆಲಗಳಿಂದ 31 ಜೊತೆ ನರಗಳು ಹೊರಡುತ್ತವೆ. ಕೆಲವು ಮಕ್ಕಳಲ್ಲಿ ಈ ಹುರಿಯ ನಟ್ಟನಡುವೆ ಒಂದು ಟೊಳ್ಳು ಉಂಟಾಗಿ, ಅದರೊಳಗೆ ದ್ರವ ತುಂಬಿಕೊಂಡು, ಬಿದಿರಿನ ಗಣ್ಣುಗಳ ನಡುವಣ ಪೊಳ್ಳಿನಂತೆ ಉದ್ದಕ್ಕೂ ಹಬ್ಬುತ್ತದೆ. ಸಿರಿಂಗೋಮೈಲಿಯಾ ಎಂಬ ಹೆಸರನ್ನು ಇದಕ್ಕೆ 1827ರಲ್ಲಿ ಫ್ರಾನ್ಸಿನ ಒಲಿವಿಯೇ ಎಂಬ ವೈದ್ಯರು ಕೊಟ್ಟರು. ಟೊಳ್ಳು ಹುರಿಯ ಮುಂಭಾಗದಲ್ಲಿರುವ ಚಾಲಕ ನರಕೋಶಗಳನ್ನು ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಮೆ ಒತ್ತಿದಾಗ, ಬೆನ್ನನ್ನು ಎರಡು ಕಡೆಯಿಂದ ಹಿಡಿದಿರುವ ಸ್ನಾಯುಗಳ ಸಮತೋಲ ತಪ್ಪುತ್ತದೆ. ಒಂದು ಕಡೆಯ ಹಗ್ಗ ಸಡಿಲವಾದ ಚಪ್ಪರದ ಕಂಬದಂತೆ ಬೆನ್ನುಮೂಳೆ ವಾಲುತ್ತದೆಂದು ತಜ್ಞರ ತರ್ಕ.

ಇನ್ನು ಬಿಸಿ ಲೋಟದ ವಿಷಯ. ನೋವು ಮತ್ತು ಬಿಸಿ ತಣುಪುಗಳ ಸಂದೇಶವನ್ನು ಒಯ್ಯುವ ನರತಂತುಗಳು ಚರ್ಮದಿಂದ ಹುರಿಯನ್ನು ಪ್ರವೇಶಿಸಿದ ಮೇಲೆ, ಅದರ ನಡುವನ್ನು ಹಾಯ್ದು ಇನ್ನೊಂದು ಪಕ್ಕಕ್ಕೆ ದಾಟಿ, ಅಲ್ಲಿಂದ ಮೆದುಳಿಗೆ ಏರುತ್ತವೆ. ಸ್ಪರ್ಶದ ಸಂದೇಶವಾದರೋ ಬಹುಮಟ್ಟಿಗೆ ಹುರಿಯ ಹಿಂಭಾಗದ ಬೇರೊಂದು ದಾರಿಯಲ್ಲಿ, ಅಲ್ಲಿ ದಾಟದೆಯೇ ಮೇಲಕ್ಕೆ ಹೋಗುತ್ತದೆ. ಆದುದರಿಂದ ನಡುವೆ ಟೊಳ್ಳು ಹುಟ್ಟಿದಾಗ ಮೊದಲು ಕಡಿದುಹೋಗುವುದು ಆ ದಾಟುವ ಸೇತುವೆ. ಮಗುವಿನ ಕೈಗೆ ಹತ್ತಿಯ ಎಳೆ ಸೋಕಿದರೂ ತಿಳಿಯುತ್ತದೆ, ಪೆನ್ನು ಹಿಡಿದರೆ ತಿಳಿಯುತ್ತದೆ. ಸುಟ್ಟರೆ ಮಾತ್ರ ತಿಳಿಯುವುದಿಲ್ಲ. ಮುಟ್ಟಿದ್ದು ಗೊತ್ತಾಗುವುದರಿಂದಲೇ ಕೈ ಸರಿಯಾಗಿದೆಯೆಂದು ಎಲ್ಲರೂ ನಂಬುತ್ತಾರೆ. ಭುಜಗಳ ಮೇಲೆ ಶಾಲು ಹೊದ್ದಂತೆ, ತೋಳುಗಳಲ್ಲಿಯೂ ಹೆಗಲಿನಲ್ಲಿಯೂ ಈ ಕುರುಡುತನ ಹರಡಿಕೊಳ್ಳುತ್ತದೆ. ಕಾಲಕ್ರಮದಲ್ಲಿ ಅಂಗೈಯ ಸ್ನಾಯುಗಳು ಕರಗುತ್ತವೆ, ಅಕ್ಷರ ಕೆಡುತ್ತದೆ, ಅಂಗಿಯ ಗುಂಡಿ ಹಾಕಿಕೊಳ್ಳಲು ಮಗು ತಡವರಿಸುತ್ತದೆ. ನೋವಿಲ್ಲದ ಸುಟ್ಟ ಗಾಯದ ಗುರುತನ್ನು ಬಾಗಿದ ಬೆನ್ನಿನ ಮಗುವಿನ ಕೈಮೇಲೆ ಕಂಡವರು ಅದನ್ನು ಅಂದೇ ವೈದ್ಯರ ಗಮನಕ್ಕೆ ತರಬೇಕು. ಧೈರ್ಯವಂತ ಮಗುವೆಂದು ಮೆಚ್ಚಿ ಸುಮ್ಮನಾಗಬಾರದು.

ನಮ್ಮ ಹುಡುಗಿಯನ್ನು ಕೊನೆಗೆ ಬೆಂಗಳೂರಿನಲ್ಲಿ ಒಬ್ಬ ವೈದ್ಯರ ಬಳಿ ಕರೆದೊಯ್ದಾಗ ನಾನೂ ಜೊತೆಗಿದ್ದೆ. ಎಕ್ಸ್‌ರೇ ಲಕೋಟೆಯನ್ನು ಮೇಜಿನ ಮೇಲಿಟ್ಟ ತಂದೆಗೆ, “ಅದನ್ನು ಆಮೇಲೆ ನೋಡ್ತೀನಿ ಸ್ವಾಮಿ, ಮೊದಲು ಮಗೂನ ನೋಡ್ಬೇಕು” ಎಂದರು ಅವರು. ಹುಡುಗಿಯನ್ನು ಬರಿಗಾಲಿನಲ್ಲಿ ಕೋಣೆಯ ಉದ್ದಕ್ಕೂ ನಡೆಸಿದರು; ಹಿಮ್ಮಡಿಯ ಮೇಲೆ ನಡೆಸಿದರು, ಕಾಲ್ಬೆರಳುಗಳ ಮೇಲೆ ನಡೆಸಿದರು, ಒಂದೊಂದೇ ಕಾಲಿನಲ್ಲಿ ಕುಂಟಿಸಿದರು. ಆಮೇಲೆ ಮಂಚದ ಮೇಲೆ ಅಂಗಾತ ಮಲಗಿಸಿ, “ಪುಟ್ಟೀ, ಕಚಗುಳಿ ಆದ್ರೆ ನಗಬಹುದು, ಹೊಟ್ಟೆ ಮಾತ್ರ ಬಿಗಿ ಹಿಡೀಬೇಡಮ್ಮ” ಎನ್ನುತ್ತ, ನಾಲಗೆ ನೋಡುವ ಮರದ ಕಡ್ಡಿಯನ್ನು ಎರಡಾಗಿ ಮುರಿದು, ಅದರ ತುದಿಯಿಂದ ಹೊಟ್ಟೆಯ ಬಲಪಕ್ಕದಿಂದ ಹೊಕ್ಕುಳಿನ ಕಡೆಗೆ ಹಗುರವಾಗಿ ಒಂದು ಗೆರೆಯೆಳೆದರು. ಹೊಕ್ಕುಳು ಬಲಗಡೆಗೆ ತಟಕ್ಕನೆ ಸರಿಯಿತು. ಎಡಪಕ್ಕದಿಂದ ಎಳೆದರು. ಹೊಕ್ಕುಳು ಅಲುಗಲಿಲ್ಲ. ಮೇಲೆ, ನಡುವೆ, ಕೆಳಗೆ ಮೂರು ಕಡೆ ಎಳೆದು ನೋಡಿದರು. ಬಲಗಡೆಯಲ್ಲಿ ಮೂರು ಸಲವೂ ಚಲನೆ, ಎಡಗಡೆಯಲ್ಲಿ ಮೂರು ಸಲವೂ ಮೌನ. ವೈದ್ಯರು ಏನನ್ನೂ ಹೇಳದೆ ಚೀಟಿಯಲ್ಲಿ ಒಂದು ಸಾಲು ಬರೆದರು; ಅದು ಎಂ.ಆರ್.ಐ.ಗೆ ಬರೆದ ಸಾಲು.

ಒಂದು ಕಡ್ಡಿಯ ತುದಿ ಎಷ್ಟು ಹೇಳಬಲ್ಲುದೆಂದು ಆ ದಿನ ನಾನು ಕಂಡೆ. ಎರಡು ಕಡೆಯಲ್ಲಿಯೂ ಈ ಪ್ರತಿವರ್ತನ ಇಲ್ಲದಿರುವುದು ಆರೋಗ್ಯವಂತರಲ್ಲಿಯೂ ಉಂಟು. ಸ್ಥೂಲದೇಹಿಗಳಲ್ಲಿ ಕಾಣದೆ ಹೋಗುವುದೂ ಉಂಟು. ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿರುವುದೇ ಅರ್ಥವುಳ್ಳದ್ದು. ಬಾಗಿದ ಬೆನ್ನಿನ ಮಗುವಿನಲ್ಲಿ, ಅದೂ ಬಾಗು ಉಬ್ಬಿದ ಪಕ್ಕದಲ್ಲಿಯೇ, ಹೊಟ್ಟೆಯ ಪ್ರತಿವರ್ತನ ಕಳೆದುಹೋಗಿರುವುದು ಹುರಿಯೊಳಗಿನ ಟೊಳ್ಳಿನ ಮೊತ್ತಮೊದಲ ಸೂಚನೆಯಾಗಿರಬಹುದು. ಉಳಿದ ಲಕ್ಷಣಗಳು ಒಂದೂ ಹುಟ್ಟುವ ಮುನ್ನವೇ ಇದು ಕಾಣಬಹುದು. ಇದಕ್ಕೆ ಬೇಕಾದುದು ಒಂದು ಕಡ್ಡಿ, ಒಂದು ನಿಮಿಷ, ಮಗುವಿನ ಹೊಟ್ಟೆಯ ಮೇಲಿನ ಬಟ್ಟೆಯನ್ನು ಸರಿಸಿ ನೋಡುವ ತಾಳ್ಮೆ. ಅಂಗಾಲಿನ ಹೊರ ಅಂಚನ್ನು ಹಿಮ್ಮಡಿಯಿಂದ ಮೇಲಕ್ಕೆ ಗೀರಿದಾಗ ಹೆಬ್ಬೆರಳು ಕೆಳಕ್ಕೆ ಮಡಿಯುವ ಬದಲು ಮೇಲಕ್ಕೆ ಏಳುವುದನ್ನು ಪ್ಯಾರಿಸ್ಸಿನ ಬಾಬಿನ್‌ಸ್ಕಿ 1896ರಲ್ಲಿ ಗುರುತಿಸಿದರು. ಎಳೆಗೂಸಿನಲ್ಲಿ ಅದು ಸಹಜವಾದದ್ದು, ನಡೆದಾಡುವ ದೊಡ್ಡ ಮಗುವಿನಲ್ಲಿ ಅದು ಮೆದುಳಿನಿಂದ ಇಳಿಯುವ ದಾರಿ ಎಲ್ಲೋ ಕೆಟ್ಟಿದೆಯೆಂಬುದರ ಗುರುತು. ಮಂಡಿಯ ಪ್ರತಿವರ್ತನ ಅತಿಯಾಗಿ ಕುಪ್ಪಳಿಸುವುದು, ಪಾದವನ್ನು ಮೇಲಕ್ಕೊತ್ತಿದರೆ ತಾನಾಗಿ ಲಯಬದ್ಧವಾಗಿ ಬಡಿದುಕೊಳ್ಳುವುದು, ಇವೂ ಅದೇ ವರ್ಗದ ಸಾಕ್ಷಿಗಳು.

ಟೊಳ್ಳು ತಾನಾಗಿ ಹುಟ್ಟುವುದು ಅಪರೂಪ. ಬಹಳ ಸಲ ಅದರ ಮೂಲ ಇನ್ನೂ ಮೇಲಿರುತ್ತದೆ. ತಲೆಬುರುಡೆಯ ತಳದಲ್ಲಿ ಹುರಿ ಹೊರಬೀಳುವ ದೊಡ್ಡ ರಂಧ್ರವಿದೆಯಷ್ಟೆ. ಕಿರುಮೆದುಳಿನ ಕೆಳತುದಿಗಳು ಆ ರಂಧ್ರದೊಳಗೆ ಬಿರಡೆಯಂತೆ ಇಳಿದು ಕುಳಿತಿರುವ ವಿಕೃತಿಯನ್ನು ಹಾನ್ಸ್ ಕಿಯಾರಿ ಎಂಬ ರೋಗಶಾಸ್ತ್ರಜ್ಞರು 1891ರಲ್ಲಿ ಪ್ರಾಗ್ ನಗರದಲ್ಲಿ ವರ್ಣಿಸಿದರು. 5 ಮಿಲಿಮೀಟರಿಗಿಂತ ಹೆಚ್ಚು ಇಳಿದಿದ್ದರೆ ಕಿಯಾರಿ ವಿಕೃತಿಯೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಪ್ರತಿ ನಾಡಿಬಡಿತಕ್ಕೂ ಮೇಲೆ ಕೆಳಗೆ ಸರಾಗವಾಗಿ ಚಲಿಸಬೇಕಾದ ದ್ರವ ಈ ಬಿರಡೆಗೆ ಸಿಕ್ಕಿಕೊಳ್ಳುತ್ತದೆ. ಆ ಒತ್ತಡವೇ ಹುರಿಯೊಳಗೆ ದ್ರವವನ್ನು ತಳ್ಳಿ ಟೊಳ್ಳನ್ನು ಬೆಳೆಸುತ್ತದೆಂದು ಊಹಿಸಲಾಗಿದೆ. ಕೆಮ್ಮಿದಾಗ, ಸೀನಿದಾಗ, ನಕ್ಕಾಗ, ಮಲವಿಸರ್ಜನೆಗೆ ತಿಣುಕಿದಾಗ ತಲೆಯ ಹಿಂಭಾಗದಲ್ಲಿಯೂ ಕತ್ತಿನಲ್ಲಿಯೂ ಮಿಂಚಿನಂತೆ ನೋವು ಬಂದು ಹೋಗುವುದು ಇದರ ವಿಶಿಷ್ಟ ಲಕ್ಷಣ. ಮಾತು ಬಾರದ ಎಳೆಯ ಮಗುವಾದರೆ ತಲೆನೋವೆಂದು ಹೇಳಲಾರದು; ಅದು ಹಾಲು ಕುಡಿಯುವಾಗ ಮೇಲಿಂದ ಮೇಲೆ ಕೆಮ್ಮಿ ಉಸಿರು ಕಟ್ಟಿಸಿಕೊಳ್ಳುತ್ತದೆ, ಗೊರಕೆ ಹೊಡೆದು ನಡುವೆ ಉಸಿರು ನಿಲ್ಲಿಸುತ್ತದೆ, ಸುಮ್ಮನೆ ತಲೆಯನ್ನು ಹಿಂದಕ್ಕೆ ಚಾಚಿ ಅಳುತ್ತದೆ.

ಹುರಿಯ ಕೆಳತುದಿಯಲ್ಲಿ ಇನ್ನೊಂದು ಬಗೆಯ ಕೇಡು ಸಂಭವಿಸುತ್ತದೆ. ಗರ್ಭದ ಮೂರನೆಯ ತಿಂಗಳಲ್ಲಿ ಹುರಿಯೂ ಕೊಳವೆಯೂ ಒಂದೇ ಉದ್ದ. ಅನಂತರ ಮೂಳೆಯ ಬೆಳವಣಿಗೆ ಹುರಿಯನ್ನು ಹಿಂದೆ ಹಾಕುತ್ತ ಹೋಗುವುದರಿಂದ, ಹುರಿಯ ತುದಿ ಮೇಲಕ್ಕೆ ಸರಿದಂತಾಗಿ, ಕೊನೆಗೆ ಸೊಂಟದ ಒಂದನೆಯ ಎರಡನೆಯ ಕಶೇರುಕಗಳ ಮಟ್ಟದಲ್ಲಿ ನಿಲ್ಲುತ್ತದೆ. ಈ ಏರಿಕೆಗೆ ಹುರಿಯ ತುದಿ ಸ್ವತಂತ್ರವಾಗಿರಬೇಕು. ಕೊಬ್ಬಿನ ಗಂಟೋ, ದಪ್ಪಗಾದ ತಂತುವೋ, ಹುರಿಯನ್ನು ಎರಡಾಗಿ ಸೀಳಿ ನಿಂತ ಮೂಳೆಯ ಮುಳ್ಳೋ ಅದನ್ನು ಕೆಳಗೇ ಕಟ್ಟಿಹಾಕಿದರೆ, ಗೂಟಕ್ಕೆ ಕಟ್ಟಿದ ಕರುವಿನಂತೆ ಮಗು ಬೆಳೆದಷ್ಟೂ ಹುರಿ ಎಳೆತಕ್ಕೆ ಸಿಕ್ಕುತ್ತದೆ. ಇದರ ಗುರುತುಗಳು ಮನೆಯೊಳಗೇ ಬಿದ್ದಿರುತ್ತವೆ. ಒಂದು ಕಾಲಿನ ಚಪ್ಪಲಿ ಬೇಗ ಸವೆಯುತ್ತದೆ. ಎರಡು ಪಾದಗಳಿಗೆ ಎರಡು ಅಳತೆ ಬೇಕಾಗುತ್ತದೆ. ಅಂಗಾಲಿನ ಕಮಾನು ಒಂದು ಕಡೆ ಎತ್ತರವಾಗಿ ಬೆರಳುಗಳು ಮಡಿಯುತ್ತವೆ. ನೆಟ್ಟಗೆ ನಡೆಯುತ್ತಿದ್ದ ಮಗು ತುದಿಗಾಲಿನಲ್ಲಿ ನಡೆಯಲು ತೊಡಗುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು, ಮೂರು ನಾಲ್ಕು ವರ್ಷಕ್ಕೇ ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಎಂಟನೆಯ ವಯಸ್ಸಿನಲ್ಲಿ ಮತ್ತೆ ಆರಂಭಿಸುವುದು. ಇದನ್ನು ಸೋಮಾರಿತನವೆಂದೋ ಪರೀಕ್ಷೆಯ ಭಯವೆಂದೋ ಬಗೆದು ಮಗುವನ್ನು ಹಂಗಿಸಿದ ಮನೆಗಳನ್ನು ನಾನು ಬಲ್ಲೆ. ಆ ಹಂಗಿನ ಮಾತು ಎಷ್ಟು ಕ್ರೂರವಾದುದೆಂದು ಎಂ.ಆರ್.ಐ. ಚಿತ್ರ ನೋಡಿದ ಮೇಲೆ ಅವರಿಗೇ ಅರಿವಾಗಿ ಕಣ್ಣೀರಿಟ್ಟುದನ್ನೂ ಬಲ್ಲೆ.

ಬೆನ್ನಿನ ನಡುಗೆರೆಯ ಚರ್ಮವೂ ಮಾತಾಡುತ್ತದೆ. ಸೊಂಟದ ಮೇಲೆ ಕುದುರೆಯ ಬಾಲದಂಥ ಒಂದು ಕೂದಲ ಕುಚ್ಚು, ಮೆತ್ತಗಿನ ಗಂಟು, ಕೆಂಪನೆಯ ಮಚ್ಚೆ, ಆಳವಾದ ಕುಳಿ, ಇವುಗಳ ಕೆಳಗೆ ಹುರಿಯ ದೋಷ ಇರಬಹುದು. ಏಕೆಂದರೆ ಭ್ರೂಣದಲ್ಲಿ ಚರ್ಮವೂ ನರವ್ಯೂಹವೂ ಒಂದೇ ಪದರದಿಂದ ಹುಟ್ಟುತ್ತವೆ. ಗುದದ್ವಾರಕ್ಕೆ ತೀರ ಹತ್ತಿರವಿರುವ ಸಣ್ಣ ಗುಳಿ ಎಷ್ಟೋ ಹಸುಗೂಸುಗಳಲ್ಲಿ ಇರತಕ್ಕದ್ದು, ನಿರಪಾಯವಾದದ್ದು. ಮೇಲಿರುವ, ದೊಡ್ಡದಾದ, ಕೂದಲು ಸುತ್ತುವರಿದ, ದ್ರವ ಒಸರುವ ಕುಳಿಯೇ ಚಿಂತೆಗೆ ಕಾರಣ. ಕಾಫಿಗೆ ಹಾಲು ಬೆರೆಸಿದ ಬಣ್ಣದ ಚಪ್ಪಟೆ ಮಚ್ಚೆಗಳು, ಅರ್ಧ ಸೆಂಟಿಮೀಟರು ಮೀರಿದವು, ಆರೋ ಅದಕ್ಕಿಂತ ಹೆಚ್ಚೋ ಮೈಮೇಲೆ ಹರಡಿದ್ದರೆ, 1882ರಲ್ಲಿ ಜರ್ಮನಿಯ ಫಾನ್ ರೆಕ್ಲಿಂಗ್‌ಹೌಸೆನ್ ವರ್ಣಿಸಿದ ನ್ಯೂರೋಫೈಬ್ರೋಮಟೋಸಿಸ್ ಎಂಬ ಆನುವಂಶಿಕ ವ್ಯಾಧಿಯನ್ನು ನೆನೆಯಬೇಕಾಗುತ್ತದೆ. ಅದರಲ್ಲಿ ಬೆನ್ನು ಚಿಕ್ಕ ಅಳತೆಯೊಳಗೆ ಚೂಪಾಗಿ ಬಾಗುತ್ತದೆ, ನರಗಳ ಮೇಲೆ ಗಂಟುಗಳೂ ಬೆಳೆಯುತ್ತವೆ.

ನೋವಿನ ವಿಷಯದಲ್ಲಿ ಒಂದು ವಿವೇಕ ಬೇಕು. ಸಾಮಾನ್ಯ ಬಾಗಿನ ಮಕ್ಕಳಲ್ಲಿಯೂ ಒಂದಷ್ಟು ಮಂದಿ ಬೆನ್ನು ನೋವೆನ್ನುತ್ತಾರೆ. ಅಷ್ಟಕ್ಕೇ ಗಾಬರಿ ಬೇಡ. ನಡುರಾತ್ರಿ ಎಚ್ಚರಗೊಳಿಸುವ ನೋವು, ವಾರ ವಾರಕ್ಕೂ ಏರುವ ನೋವು, ಬೆನ್ನನ್ನು ಹಲಗೆಯಂತೆ ಸೆಟೆಸುವ ನೋವು, ಕಾಲಿಗೆ ಇಳಿಯುವ ನೋವು, ಇವು ಬೇರೆ. ಹುರಿಯೊಳಗಿನ ಗೆಡ್ಡೆ ಮೊದಲು ಬೆನ್ನಿನ ಬಾಗಾಗಿಯೇ ತೋರಿ, ಕಾಲಿನ ಬಲಹೀನತೆ ಬಹಳ ತಡವಾಗಿ ಕಾಣಿಸಿಕೊಳ್ಳುವುದುಂಟು. ನಮ್ಮ ದೇಶದಲ್ಲಿ ಕ್ಷಯವನ್ನೂ ಮರೆಯುವಂತಿಲ್ಲ. 1779ರಲ್ಲಿ ಲಂಡನ್ನಿನ ಪರ್ಸಿವಲ್ ಪಾಟ್ ವರ್ಣಿಸಿದ ಬೆನ್ನುಮೂಳೆಯ ಕ್ಷಯದಲ್ಲಿ ಬಾಗು ಪಕ್ಕಕ್ಕಲ್ಲ, ಹಿಂದಕ್ಕೆ ಮೊನೆಯಂತೆ ಚಾಚುತ್ತದೆ. ಸಂಜೆಯ ಜ್ವರ, ಕರಗುವ ಮೈ, ನಿದ್ದೆಯಲ್ಲಿ ಚೀರುವುದು, ಕಡೆಗೆ ಕಾಲುಗಳ ಸೆಡೆತ. ಹಿಂದಿನ ತಲೆಮಾರಿನ ವೈದ್ಯರು ಬಾಗಿದ ಬೆನ್ನನ್ನು ಕಂಡೊಡನೆ ನೆನೆಯುತ್ತಿದ್ದುದು ಪೋಲಿಯೋ; ಹೌರಾದಲ್ಲಿ 2011ರ ಜನವರಿ 13ರಂದು ಕಂಡ ಪ್ರಕರಣವೇ ಭಾರತದ ಕೊನೆಯದಾಯಿತು, ಆ ಒಂದು ದುಃಖ ಕಳೆಯಿತು. ಅದು ಕಳೆದಂದಿನಿಂದ ಉಳಿದ ನರದೋಷಗಳು ಬಾಗಿನ ಹಿಂದೆ ಹೆಚ್ಚು ಸ್ಪಷ್ಟವಾಗಿ ಗೋಚರಿಸಬೇಕಿತ್ತು. ಆದರೆ ನಾವು ಅವನ್ನು ನೋಡುವುದನ್ನು ಇನ್ನೂ ಕಲಿಯುತ್ತಿದ್ದೇವೆ.

ನೋಡುವುದು ಎಂದೆನಷ್ಟೆ. ನನ್ನ ಬಾಲ್ಯದಲ್ಲಿ ಶನಿವಾರದ ಎಣ್ಣೆಸ್ನಾನವೆಂದರೆ ಮಕ್ಕಳ ಬೆನ್ನಿನ ಸಾಪ್ತಾಹಿಕ ಪರೀಕ್ಷೆಯಾಗಿತ್ತು. ಹರಳೆಣ್ಣೆಯ ಬಟ್ಟಲನ್ನು ಪಕ್ಕದಲ್ಲಿಟ್ಟುಕೊಂಡು ಮಣೆಯ ಮೇಲೆ ಕೂರಿಸಿ, ಕತ್ತಿನಿಂದ ಸೊಂಟದವರೆಗೆ ಹೆಬ್ಬೆರಳಿನಿಂದ ಉಜ್ಜುತ್ತಿದ್ದ ಅಜ್ಜಿಯ ಕೈಗೆ ಒಂದು ಸಣ್ಣ ಗಂಟು, ಒಂದು ಸಣ್ಣ ಓರೆ ತಿಳಿಯದೆ ಹೋಗುತ್ತಿರಲಿಲ್ಲ. ಈಗ ಆ ಅಭ್ಯಂಜನ ಬಹುತೇಕ ಮನೆಗಳಲ್ಲಿ ದೀಪಾವಳಿಗೆ ಮಾತ್ರ ಉಳಿದಿದೆ. ಇನ್ನೊಂದು ಸಂಗತಿಯೂ ಉಂಟು: ಹತ್ತು ಹನ್ನೊಂದು ವರ್ಷಕ್ಕೆ ಹುಡುಗಿಯರು ತಾವೇ ಸ್ನಾನ ಮಾಡತೊಡಗುತ್ತಾರೆ, ನಾಚಿಕೆ ಬರುತ್ತದೆ, ಬಾಗಿಲ ಚಿಲಕ ಬೀಳುತ್ತದೆ, ಮೈ ಸರಸರನೆ ಬೆಳೆಯುವ, ಬಾಗು ಅತಿವೇಗದಿಂದ ಏರುವ ಕಾಲವೂ ಅದೇ. ಬೆನ್ನು ಯಾವ ವಯಸ್ಸಿನಲ್ಲಿ ಅತ್ಯಂತ ಗಮನವನ್ನು ಬೇಡುತ್ತದೆಯೋ ಆ ವಯಸ್ಸಿನಲ್ಲಿಯೇ ಅದನ್ನು ಯಾರೂ ನೋಡುವುದಿಲ್ಲ. ತಾಯಂದಿರು ಆರು ತಿಂಗಳಿಗೊಮ್ಮೆ, ಮಗಳ ಸಂಕೋಚಕ್ಕೆ ಮರ್ಯಾದೆ ಕೊಟ್ಟು, ತೆಳುವಾದ ಬನಿಯನ್ನಿನಲ್ಲಿಯೇ ನಿಲ್ಲಿಸಿ, ಎರಡು ಅಂಗೈಗಳನ್ನು ಜೋಡಿಸಿಕೊಂಡು ಮಂಡಿ ಮಡಿಸದೆ ಮುಂದಕ್ಕೆ ಬಗ್ಗಿಸಿ, ಹಿಂದಿನಿಂದ ಒಮ್ಮೆ ಕಣ್ಣಳತೆ ಮಾಡಿದರೆ ಸಾಕು. ಬೆನ್ನಿನ ಎರಡು ಪಾರ್ಶ್ವ ಒಂದೇ ಮಟ್ಟದಲ್ಲಿದ್ದರೆ ಸರಿ. ಈ ಪರೀಕ್ಷೆಯನ್ನು 1865ರಲ್ಲಿ ತಮ್ಮ ಉಪನ್ಯಾಸಗಳಲ್ಲಿ ಬೋಧಿಸಿದವರು ವಿಲಿಯಂ ಆಡಮ್ಸ್ ಎಂಬ ಆಂಗ್ಲ ಶಸ್ತ್ರವೈದ್ಯರು. ಗತಯುಗದ ದೈತ್ಯ ಹಲ್ಲಿ ಇಗ್ವಾನೊಡಾನ್‌ನ ಪಳೆಯುಳಿಕೆಯನ್ನು ಲೋಕಕ್ಕೆ ಪರಿಚಯಿಸಿದ ಗಿಡಿಯನ್ ಮ್ಯಾಂಟೆಲ್ ಎಂಬ ವಿದ್ವಾಂಸರ ಬಾಗಿದ ಬೆನ್ನುಮೂಳೆಯ ಅಧ್ಯಯನವೂ ಆ ತಿಳಿವಳಿಕೆಯ ಹಿಂದೆ ಇತ್ತು. ಭೂಮಿಯ ಪದರಗಳಲ್ಲಿ ಮೂಳೆಯನ್ನು ಓದಿದಾತನ ಮೂಳೆಯನ್ನು ಇನ್ನೊಬ್ಬರು ಓದಿದರು.

ನರದ ಸೂಚನೆಗಳನ್ನು ಬಾಗನ್ನು ತಿದ್ದುವ ಮುನ್ನವೇ ಹುಡುಕಬೇಕೆಂದು ಇಷ್ಟು ಒತ್ತಿ ಹೇಳುವುದಕ್ಕೆ ಬಲವಾದ ಕಾರಣವಿದೆ. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಪೋಲಿಯೋಪೀಡಿತ ಮಕ್ಕಳಿಗಾಗಿ ಪಾಲ್ ಹ್ಯಾರಿಂಗ್ಟನ್ ರೂಪಿಸಿ 1962ರಲ್ಲಿ ಪ್ರಕಟಿಸಿದ ಉಕ್ಕಿನ ಸಲಾಕೆಯಿಂದ ಮೊದಲ್ಗೊಂಡು ಇಂದಿನ ತಿರುಪುಗಳವರೆಗೆ, ಬೆನ್ನನ್ನು ನೆಟ್ಟಗೆ ಮಾಡುವ ಶಸ್ತ್ರಕ್ರಿಯೆಯಲ್ಲಿ ಹುರಿಯೂ ಸ್ವಲ್ಪ ಹಿಗ್ಗಲೇಬೇಕು. ಕುಬ್ಜೆಯ ಪಾದಗಳನ್ನು ಒತ್ತಿ ಗಲ್ಲವನ್ನೆತ್ತಿದ ಕೈ ಒಳಗಿನದನ್ನೂ ಬಲ್ಲ ಕೈಯಾಗಿತ್ತು. ಮನುಷ್ಯನ ಕೈಯಾದರೋ ಮೊದಲು ಒಳಗನ್ನು ನೋಡಿಕೊಳ್ಳಬೇಕು. ಕೆಳಗೆ ಕಟ್ಟಿಬಿದ್ದಿರುವ ಹುರಿಯನ್ನೋ ಟೊಳ್ಳು ತುಂಬಿ ಉಬ್ಬಿರುವ ಹುರಿಯನ್ನೋ ಅರಿಯದೆ ಎಳೆದರೆ, ನಡೆದುಕೊಂಡು ಆಸ್ಪತ್ರೆಗೆ ಬಂದ ಮಗು ಕಾಲು ಕಳೆದುಕೊಂಡು ಹೋಗುವ ಅಪಾಯವುಂಟು. ಶಸ್ತ್ರಕ್ರಿಯೆಯ ನಡುವೆಯೇ ಅರಿವಳಿಕೆಯನ್ನು ತಗ್ಗಿಸಿ ರೋಗಿಯನ್ನು ಎಚ್ಚರಿಸಿ, “ಕಾಲ್ಬೆರಳು ಅಲ್ಲಾಡಿಸು” ಎಂದು ಹೇಳಿ, ಅಲ್ಲಾಡಿದುದನ್ನು ಕಣ್ಣಾರೆ ಕಂಡ ಮೇಲೆ ಮತ್ತೆ ನಿದ್ದೆ ಬರಿಸುವ ಪರೀಕ್ಷೆಯನ್ನು ಫ್ರಾನ್ಸಿನ ಸ್ಟಾನ್ಯಾರಾ ಮತ್ತವರ ಸಹೋದ್ಯೋಗಿಗಳು 1973ರಲ್ಲಿ ಪ್ರಕಟಿಸಿದುದು ಈ ಭಯದಿಂದಲೇ. ಈಗ ಹುರಿಯ ವಿದ್ಯುತ್ ಸಂಕೇತಗಳನ್ನು ಉದ್ದಕ್ಕೂ ಅಳೆಯುವ ಯಂತ್ರಗಳು ಬಂದಿವೆ. ಆದುದರಿಂದ ಸಂಶಯವುಳ್ಳ ಮಗುವಿಗೆ ಮೊದಲು ತಲೆಯ ಬುಡದಿಂದ ಬಾಲಮೂಳೆಯವರೆಗೆ ಎಂ.ಆರ್.ಐ., ಆಮೇಲೆ ನರಶಸ್ತ್ರವೈದ್ಯರ ಅಭಿಪ್ರಾಯ, ಕಟ್ಟನ್ನು ಬಿಡಿಸುವುದೋ ಬಿರಡೆಯನ್ನು ಸಡಿಲಿಸುವುದೋ ಬೇಕಾದರೆ ಅದು, ಕೊನೆಗೆ ಬೆನ್ನಿನ ಬಾಗು. ಎಂ.ಆರ್.ಐ. ಯಂತ್ರದಲ್ಲಿ ಎಕ್ಸ್‌ರೇಯಂತೆ ವಿಕಿರಣವಿಲ್ಲ. ಶಬ್ದ ಬಹಳ, ಅಲುಗಾಡದೆ ಮಲಗಬೇಕು, ತೀರ ಚಿಕ್ಕವರಿಗೆ ನಿದ್ದೆಯ ಔಷಧ ಬೇಕಾಗುತ್ತದೆ. ಹರೆಯದ ಸಾಮಾನ್ಯ ರೂಪದ, ನರಪರೀಕ್ಷೆ ಶುದ್ಧವಾಗಿರುವ ಬಾಗಿಗೆ ಇದು ಸಾಮಾನ್ಯವಾಗಿ ಬೇಕಿಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ಕಾಯುವ ಮಾತೇ ಇಲ್ಲ. ಬಾಗಿದ ಬೆನ್ನಿನ ಮಗುವಿನ ಕಾಲುಗಳು ಹಠಾತ್ತನೆ ಸೋತರೆ, ಮೂತ್ರ ಕಟ್ಟಿಕೊಂಡರೆ ಅಥವಾ ಅರಿವಿಲ್ಲದೆ ಹೋಗತೊಡಗಿದರೆ, ತೊಡೆಯ ಸಂದು ಮರಗಟ್ಟಿದರೆ, ಮರುದಿನದ ಅಪಾಯಿಂಟ್‌ಮೆಂಟಿಗೆ ಕಾಯದೆ ಅಂದೇ ದೊಡ್ಡಾಸ್ಪತ್ರೆಗೆ ಒಯ್ಯಬೇಕು.

ನರವಿಜ್ಞಾನದ ಆರೈಕೆಗೆ ನಮ್ಮ ನಾಡು ಬಡದಲ್ಲ; 1974ರಿಂದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೆ ದೇಶದ ಮೂಲೆಮೂಲೆಗಳಿಂದ ರೋಗಿಗಳು ಬರುತ್ತಿದ್ದಾರೆ. ಕೊರತೆಯಿರುವುದು ಮೊದಲ ನೋಟದಲ್ಲಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೆಂಬ ಹೆಸರಿನಲ್ಲಿ 2013ರಿಂದ ಸರ್ಕಾರಿ ವೈದ್ಯತಂಡಗಳು ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಹೋಗಿ ಮಕ್ಕಳನ್ನು ಪರೀಕ್ಷಿಸುವ ವ್ಯವಸ್ಥೆಯಿದೆ. ಹುಟ್ಟಿನ ನರನಾಳದ ದೋಷಗಳು ಅದರ ಪಟ್ಟಿಯಲ್ಲಿವೆ. ಅದೇ ತಂಡ ಅಂಗಿ ಸರಿಸಿ ಬೆನ್ನನ್ನೊಮ್ಮೆ ಬಗ್ಗಿಸಿ ನೋಡಲಿ, ಮಗುವನ್ನು ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ನಡೆಸಲಿ ಎಂಬುದು ನನ್ನ ಬಿನ್ನಹ. ಪ್ರತಿ ಮಗುವಿಗೆ ಎರಡು ನಿಮಿಷದ ಕೆಲಸ.

ನಮ್ಮ ಹುಡುಗಿಯ ಚಿತ್ರದಲ್ಲಿ ಕಿರುಮೆದುಳಿನ ತುದಿ ಇಳಿದಿತ್ತು. ಕತ್ತಿನಿಂದ ಎದೆಯ ಮಟ್ಟದವರೆಗೆ ಹುರಿಯ ನಡುವೆ ಬೆಳ್ಳನೆಯ ಪಟ್ಟಿಯೊಂದು ಹರಿದಿತ್ತು. ತಲೆಬುರುಡೆಯ ತಳದ ಮೂಳೆಯನ್ನು ಸ್ವಲ್ಪ ತೆಗೆದು ಬಿರಡೆಗೆ ಎಡೆ ಮಾಡಿಕೊಟ್ಟರು. ವರ್ಷದ ಮೇಲೆ ಮತ್ತೆ ಚಿತ್ರ ತೆಗೆದಾಗ ಆ ಪಟ್ಟಿ ದಾರದೆಳೆಯಷ್ಟಾಗಿತ್ತು. ಎಳೆಯ ವಯಸ್ಸು, ಬಾಗು ಇನ್ನೂ ಸಾಧಾರಣ ಮಟ್ಟದ್ದು. ಅದು ಅಲ್ಲಿಗೇ ನಿಂತಿದೆ, ಒಂದೆರಡು ಡಿಗ್ರಿ ಇಳಿದಿದೆ ಕೂಡ. ದೊಡ್ಡ ಬಾಗುಗಳ ವಿಷಯದಲ್ಲಿ, ಹರೆಯ ಮುಟ್ಟಿದವರ ವಿಷಯದಲ್ಲಿ ಇಷ್ಟು ಸುಲಭವಾಗಿ ಆಗುವುದಿಲ್ಲ; ಬೆಳವಣಿಗೆ ಮುಗಿಯುವವರೆಗೆ ಅವಳನ್ನೂ ಆರು ತಿಂಗಳಿಗೊಮ್ಮೆ ತೋರಿಸುತ್ತಲೇ ಇರಬೇಕು. ನಕ್ಕರೆ ಈಗ ತಲೆ ನೋಯುವುದಿಲ್ಲ. ಕೈಯ ಸಂವೇದನೆ ಮಾತ್ರ ಪೂರ್ತಿ ಮರಳಿಲ್ಲ. ಹೋದ ವಾರ ಆ ಮನೆಗೆ ಹೋಗಿದ್ದಾಗ ಹಂಡೆಯ ನೀರು ತೋಡಿಕೊಂಡು ಬಚ್ಚಲಿಗೆ ಹೋಗುತ್ತಿದ್ದವಳು, ಬಕೆಟ್ಟನ್ನು ಕೆಳಗಿಟ್ಟು, ಎಡಗೈಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡು, ಬಲಗೈಯ ಎರಡು ಬೆರಳನ್ನು ನೀರಿಗೆ ಅದ್ದಿ ನೋಡಿ, “ಅಮ್ಮಾ, ತಣ್ಣೀರು ಇನ್ನೊಂದು ಚೊಂಬು ಬೇಕು” ಎಂದು ಕೂಗಿದಳು.